ಪಟ್ಟಿಯನ್ನು ಕೆಳಗಿನಿಂದ ಓದುವವರು

ಪತ್ರಿಕೆಯಲ್ಲಿ ಯಾವುದೇ ಪಟ್ಟಿ ಬಂದರೂ ನಾನು ಅದನ್ನು ಕೆಳಗಿನಿಂದ ಓದುತ್ತೇನೆ. ಇದು ಹುಟ್ಟುಗುಣವಲ್ಲ, ಜಿಲ್ಲೆ ಕಲಿಸಿದ ಅಭ್ಯಾಸ. ನಮ್ಮದು ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಒಂದು ಹಳ್ಳಿ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಉಡುಪಿ, ದಕ್ಷಿಣ ಕನ್ನಡದವರು ಪಟ್ಟಿಯ ಮೊದಲ ಸಾಲು ನೋಡುತ್ತಾರೆ. ನಮ್ಮ ಕಣ್ಣು ಸೀದಾ ಕೊನೆಯ ಸಾಲಿಗೆ ಹೋಗುತ್ತದೆ. 2023ರಲ್ಲಿ ಯಾದಗಿರಿಗೆ ಶೇ 75.49, ಕೊನೆಯ ಸ್ಥಾನ. 2024ರಲ್ಲಿ ಶೇ 50.59, ಮತ್ತೆ ಕೊನೆಯ ಸ್ಥಾನ.

ಈ ಅಭ್ಯಾಸ ಮುಂದೊಂದು ದಿನ ಫುಟ್‌ಬಾಲ್ ನೋಡುವಾಗ ಉಪಯೋಗಕ್ಕೆ ಬರುತ್ತದೆ ಅಂತ ಮಾತ್ರ ಅಂದುಕೊಂಡಿರಲಿಲ್ಲ.

ಶಹಾಪುರದಲ್ಲಿ ಪದವಿ ಮುಗಿಸಿ, ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿಗೆಂದು ಯಾದಗಿರಿ ಸ್ಟೇಷನ್ನಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿ ಹತ್ತಿದೆ. ಬೋಗಿ ತುಂಬಾ ಗುಳೆ ಹೊರಟ ನಮ್ಮ ಕಡೆಯ ಜನ. ಅವರ ಹತ್ತಿರ ಹಾಸಿಗೆ ಸುರುಳಿ, ಪಾತ್ರೆ ಚೀಲ, ರೊಟ್ಟಿ ಗಂಟು. ನನ್ನ ಹತ್ತಿರ ಪುಸ್ತಕದ ಚೀಲ ಮತ್ತು ರೊಟ್ಟಿ ಗಂಟು. ಅಷ್ಟೇ ವ್ಯತ್ಯಾಸ. ವಿಜಯನಗರದ ಒಂದು ಪಿಜಿಯಲ್ಲಿ ನಾಲ್ವರ ರೂಮಿನಲ್ಲಿ ಒಂದು ಮಂಚ ಸಿಕ್ಕಿತು.

ಬೆಂಗಳೂರಿನಲ್ಲಿ ನನಗಿದ್ದ ಒಂದೇ ಆಸರೆ ಕಾಕಾ. ಹದಿನೈದು ವರ್ಷದ ಹಿಂದೆ ಗುಳೆ ಬಂದು ಗೌಂಡಿ ಕೆಲಸ ಕಲಿತವನು, ನೀಲಸಂದ್ರದ ಕಡೆ ಬಾಡಿಗೆ ಮನೆ. ಭಾನುವಾರ ಅಲ್ಲಿ ಊಟ. ಒಂದು ಭಾನುವಾರ ಉಂಡು ಕುಳಿತಾಗ ಕಾಕಾ, ‘ಬರೀ ಓದಿದ್ರ ತಲಿ ಕೆಡ್ತದ. ಬಾ, ಒಂದ್ ಆಟ ತೋರಿಸ್ತೀನಿ’ ಅಂತ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣಕ್ಕೆ ಕರೆದುಕೊಂಡು ಹೋದ. ಹಿಂದೆ ಆ ಸುತ್ತಿನಲ್ಲಿ ಯಾವುದೋ ಕಟ್ಟಡದ ಕೆಲಸ ನಡೆದಾಗ ಸಂಜೆ ಮೈ ತೊಳೆದುಕೊಂಡು ಲೀಗ್ ಪಂದ್ಯ ನೋಡುವ ಚಟ ಅವನಿಗೆ ಹತ್ತಿತ್ತು.

ನಮ್ಮೂರಲ್ಲಿ ಆಟ ಅಂದರೆ ಕಬಡ್ಡಿ, ವಾಲಿಬಾಲ್, ಕ್ರಿಕೆಟ್. ಫುಟ್‌ಬಾಲ್ ಟಿ.ವಿ.ಯಲ್ಲಿ ವಿಶ್ವಕಪ್ ಬಂದಾಗ ಮಾತ್ರ. ಆದರೆ ಬೆಂಗಳೂರಿನ ಆಸ್ಟಿನ್ ಟೌನ್, ಗೌತಮಪುರದಂಥ ಬಡಾವಣೆಗಳಲ್ಲಿ ಅದು ಮನೆಮನೆಯ ಆಟ ಅಂತ ಅಲ್ಲಿ ಹೋದ ಮೇಲೆ ತಿಳಿಯಿತು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದಿದ್ದನ್ನು ನಾನು ಪ್ರಚಲಿತ ವಿದ್ಯಮಾನದ ಒಂದು ಅಂಕದ ಪ್ರಶ್ನೆಯಾಗಿ ಬಾಯಿಪಾಠ ಮಾಡಿದ್ದೆ. ಗ್ಯಾಲರಿಯಲ್ಲಿ ಕೂತಿದ್ದ ಹಿರಿಯರು ಅದನ್ನು ಮನೆಯ ಮದುವೆಯಂತೆ ಹೇಳುತ್ತಿದ್ದರು.

ಹೀಗೆ ನನಗೆ ಸಿಕ್ಕ ತಂಡ ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು. ಸುನಿಲ್ ಚೆಟ್ರಿ ಆಡುತ್ತಿದ್ದ ಬೆಂಗಳೂರು ಎಫ್‌ಸಿ ಬೇರೆ, ಇದು ಬೇರೆ. ಭಾರತದ ಫುಟ್‌ಬಾಲ್ ಒಂದು ಏಣಿ. ಆಗ ಮೇಲೆ ಐಎಸ್‌ಎಲ್, ಅದರ ಕೆಳಗೆ ಐ–ಲೀಗ್, ಆಮೇಲೆ ಐ–ಲೀಗ್ 2, ಐ–ಲೀಗ್ 3, ಕೊನೆಗೆ ರಾಜ್ಯದ ಲೀಗ್‌ಗಳು. 2023–24ರ ಒಂದೇ ಋತುವಿನಲ್ಲಿ ಈ ತಂಡ ಐ–ಲೀಗ್ 3 ಗೆದ್ದು, ಆಮೇಲೆ ಐ–ಲೀಗ್ 2 ಕೂಡ ಗೆದ್ದು ಎರಡು ಮೆಟ್ಟಿಲು ಒಟ್ಟಿಗೆ ಹತ್ತಿತ್ತು. ಎಫ್‌ಡಿಎ ಆದವನು ಅದೇ ವರ್ಷ ತಹಶೀಲ್ದಾರ್ ಆದಂತೆ! ನನ್ನಂಥ ಉದ್ಯೋಗಾಕಾಂಕ್ಷಿಗೆ ಅಭಿಮಾನಿಯಾಗಲು ಇಷ್ಟು ಸಾಕಾಗಿತ್ತು. 2024ರ ನವೆಂಬರ್‌ನಲ್ಲಿ ಐ–ಲೀಗ್ ಶುರುವಾಯಿತು. 12 ತಂಡ, ಪ್ರತಿ ತಂಡಕ್ಕೆ 22 ಪಂದ್ಯ, ಗೆದ್ದರೆ ಮೂರು ಅಂಕ, ಡ್ರಾ ಆದರೆ ಒಂದು.

ಹತ್ತುವುದು ಸುಲಭ, ನಿಲ್ಲುವುದು ಕಷ್ಟ ಅಂತ ಹೊಸ ವರ್ಷ ಬರುವ ಹೊತ್ತಿಗೆ ಗೊತ್ತಾಯಿತು. ನನ್ನ ಕಣ್ಣು ಮತ್ತೆ ಪಟ್ಟಿಯ ಕೆಳಗೆ ಹೋಗಿ ನಿಂತಿತು. ಐ–ಲೀಗ್‌ನಲ್ಲಿ ಕೊನೆಯ ಎರಡು ತಂಡಗಳು ಐ–ಲೀಗ್ 2ಕ್ಕೆ ಇಳಿಯಬೇಕಿತ್ತು. ಸರ್ಕಾರಿ ನೌಕರಿಯ ಭಾಷೆಯಲ್ಲಿ ಹೇಳುವುದಾದರೆ ಹಿಂಬಡ್ತಿ.

ಕ್ರಿಕೆಟ್ ನೋಡುವವರಿಗೆ ಈ ಸಂಕಟ ಅರ್ಥವಾಗುವುದು ಕಷ್ಟ. ಆರ್‌ಸಿಬಿ 2017ರಲ್ಲಿ ಕೊನೆಯ ಸ್ಥಾನ ಪಡೆಯಿತು, 2019ರಲ್ಲೂ ಪಡೆಯಿತು. ಮುಂದಿನ ವರ್ಷ ಮತ್ತೆ ಅದೇ ಐಪಿಎಲ್. ಕಬಡ್ಡಿಯ ಬೆಂಗಳೂರು ಬುಲ್ಸ್ 2024ರ ಋತುವಿನಲ್ಲಿ 12ನೇ ಸ್ಥಾನಕ್ಕಿಳಿದರೂ ಪ್ರೊ ಕಬಡ್ಡಿಯಿಂದ ಯಾರೂ ಹೊರಗೆ ಕಳಿಸಲಿಲ್ಲ. ನಮ್ಮ ತಂಡ ಹಾಗಲ್ಲ. ಬಿದ್ದರೆ ಎದುರಾಳಿಗಳು ಬದಲಾಗುತ್ತಾರೆ, ಪತ್ರಿಕೆಯಲ್ಲಿ ಬರುವ ನಾಲ್ಕು ಸಾಲಿನ ಸುದ್ದಿಯೂ ಎರಡು ಸಾಲಾಗುತ್ತದೆ. ಬೆಂಗಳೂರಿನದೇ ಎಚ್‌ಎಎಲ್ ತಂಡ 2011–12ರಲ್ಲಿ ಐ–ಲೀಗ್‌ನ ಕೊನೆಯ ಸ್ಥಾನಕ್ಕಿಳಿದು ಹೊರಬಿದ್ದ ಕಥೆಯನ್ನು ಗ್ಯಾಲರಿಯ ಹಿರಿಯರು ತಣ್ಣಗೆ ಹೇಳುವಾಗ ನನ್ನ ಹೊಟ್ಟೆಯಲ್ಲಿ ಸಂಕಟ.

ಸೋಲುವ ತಂಡದ ಅಭಿಮಾನಿ ಮೊದಲು ಕಲಿಯುವುದು ಗಣಿತ. ‘ಇನ್ನು ಇಷ್ಟು ಪಂದ್ಯ ಇವೆ. ಎರಡು ಗೆದ್ದು ಎರಡು ಡ್ರಾ ಮಾಡಿದರೆ ಎಂಟು ಅಂಕ. ಆ ಕಡೆ ಅವರು ಸೋಲಬೇಕು, ಈ ಕಡೆ ಇವರು ಡ್ರಾ ಮಾಡಬೇಕು.’ ನನ್ನ ಮೆಂಟಲ್ ಎಬಿಲಿಟಿ ನೋಟ್‌ಬುಕ್ಕಿನ ಕೊನೆಯ ಪುಟಗಳೆಲ್ಲ ಈ ಲೆಕ್ಕದಿಂದಲೇ ತುಂಬಿದವು. ಎರಡನೆಯದಾಗಿ ಕಲಿಯುವುದು ಸಣ್ಣತನ. ಐಜ್ವಾಲ್ ಸೋಲಲಿ, ಡೆಲ್ಲಿ ಸೋಲಲಿ ಅಂತ ಹರಕೆ ಹೊರುವುದು. ಮಿಜೋರಾಂ ನಕ್ಷೆಯಲ್ಲಿ ಎಲ್ಲಿದೆ ಅಂತ ತಡಕಾಡುತ್ತಿದ್ದವನು ಅಲ್ಲಿನ ಹುಡುಗರ ಸೋಲಿಗಾಗಿ ಮೈಲಾಪುರದ ಮೈಲಾರಲಿಂಗನಿಗೆ ಕೈ ಮುಗಿಯುತ್ತಿದ್ದೆ.

ಪಂದ್ಯ ಹೊರಗಡೆ ಇದ್ದರೆ ಮೊಬೈಲೇ ಗತಿ. ಗೋಲ್ ಆಗುವ ಹೊತ್ತಿಗೇ ಸರಿಯಾಗಿ ಚಿತ್ರ ನಿಂತು, ಚಕ್ರ ತಿರುಗಿ, ಮತ್ತೆ ಬರುವಾಗ ಯಾರೋ ಕುಣಿಯುತ್ತಿರುತ್ತಾರೆ. ಕುಣಿಯುವವರ ಅಂಗಿಯ ಬಣ್ಣ ನೋಡಿ ನಮ್ಮ ಹಣೆಬರಹ ತಿಳಿಯಬೇಕು. ಪಂದ್ಯ ಬೆಂಗಳೂರಿನಲ್ಲೇ ಇದ್ದರೆ ವಿಜಯನಗರದಿಂದ ಎಂ.ಜಿ. ರಸ್ತೆಗೆ ಮೆಟ್ರೊ. ಫೆಬ್ರುವರಿಯಲ್ಲಿ ಮೆಟ್ರೊ ದರ ಏರಿದ ಮೇಲೆ ಹೋಗುವಾಗ ಬಸ್ಸು, ಬರುವಾಗ ಸಿಕ್ಕಿದ್ದು. ಸೋತ ದಿನ ಬಸ್ಸಿಗೂ ಕಾಯದೆ ಎಷ್ಟೋ ದೂರ ನಡೆದುಬಿಡುತ್ತಿದ್ದೆ.

ರೂಮಿನಲ್ಲಿದ್ದ ಕರಾವಳಿಯ ಗೆಳೆಯ ಒಳ್ಳೆಯವನೇ. ಆದರೂ ಒಮ್ಮೆ, ‘ಮಾರಾಯ, ನಿನಗೆ ಲಾಸ್ಟ್ ಬರುವುದು ಅಂದರೆ ಅಷ್ಟು ಪ್ರೀತಿಯಾ? ಜಿಲ್ಲೆಯೂ ಅದೇ, ಟೀಮೂ ಅದೇ’ ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಯಾಕೆಂದರೆ ಅವನಿಗೆ ಗೊತ್ತಿಲ್ಲದ ಮೂರನೆಯ ಪಟ್ಟಿಯೂ ಒಂದಿತ್ತು. ಬರೆದ ಎರಡು ಪರೀಕ್ಷೆಗಳಲ್ಲೂ ನಾನು ಕಟ್‌ಆಫ್‌ನ ಕೆಳಗಿದ್ದೆ. 371(ಜೆ) ಮೀಸಲಾತಿ ಇದ್ದೂ. ‘ಊರಿಗೆ ವಾಪಸ್ ಬಂದ್ಬಿಡು, ತೊಗರಿ ರಾಶಿಗೆ ಆಳ ಸಿಗಲತ್ತಿಲ್ಲ’ ಅಂತ ಅಪ್ಪ ಫೋನಿನಲ್ಲಿ ಅಂದಿದ್ದು ತಮಾಷೆಗೋ ನಿಜಕ್ಕೋ ತಿಳಿದಿರಲಿಲ್ಲ. ನನ್ನ ಹಿಂಬಡ್ತಿಯ ಗೆರೆ ಎಲ್ಲಿದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಅದು ಯಾದಗಿರಿ ಸ್ಟೇಷನ್ನಿನಲ್ಲಿತ್ತು.

ಈ ಎಲ್ಲದರ ನಡುವೆ ತಂಗಿಯ ಫೋನ್. ಅವಳು ಆ ವರ್ಷ ಹತ್ತನೇ ಕ್ಲಾಸು.

‘ಏನಣ್ಣ, ನಿನ್ ಟೀಮ್ ಇವತ್ತರ ಗೆದ್ದದೇನು?’

‘ಇಲ್ಲ. ನಿಂದು ಗಣಿತ ಎಲ್ಲಿಗಿ ಬಂತು?’

‘ಅದೂ ಹಂಗೇ ಅದ.’

ಅವಳ ಶಾಲೆಗೆ ಗಣಿತದ ಅತಿಥಿ ಶಿಕ್ಷಕರು ಬಂದದ್ದೇ ದಸರಾ ಆದ ಮೇಲೆ. ಬಂದವರು ಒಳ್ಳೆಯವರು, ಆದರೆ ಅರ್ಧ ವರ್ಷದಲ್ಲಿ ಇಡೀ ಪುಸ್ತಕ ಓಡಿಸಬೇಕಿತ್ತು. 2024ರಿಂದ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದಿದೆ. ಅದು ಬಂದ ವರ್ಷ ಇಡೀ ರಾಜ್ಯದ ಫಲಿತಾಂಶವೇ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು. ನಕಲು ನಿಂತಿದ್ದು ಒಳ್ಳೆಯದೇ. ಆದರೆ ಕ್ಯಾಮೆರಾ ಪರೀಕ್ಷೆಯ ದಿನ ಬಂತು, ಮೇಷ್ಟ್ರು ಅಕ್ಟೋಬರ್‌ವರೆಗೆ ಬರಲಿಲ್ಲ. ಗೋಲ್‌ಕೀಪರ್ ಇಲ್ಲದ ತಂಡವನ್ನು ಕಣಕ್ಕಿಳಿಸಿ ಎಷ್ಟು ಗೋಲ್ ಬಿದ್ದವು ಅಂತ ಮಾತ್ರ ಎಣಿಸಿದಂತೆ.

2025ರ ಮಾರ್ಚ್ 21ಕ್ಕೆ ಅವಳ ಪರೀಕ್ಷೆ ಶುರುವಾಗಿ ಏಪ್ರಿಲ್ 4ಕ್ಕೆ ಮುಗಿಯಿತು. ಏಪ್ರಿಲ್ 6ಕ್ಕೆ ನನ್ನ ಲೀಗ್ ಮುಗಿಯಿತು. ಕೊನೆಯ ಎರಡು ಸಾಲುಗಳಲ್ಲಿ ಡೆಲ್ಲಿ ಎಫ್‌ಸಿ ಮತ್ತು ನಮ್ಮ ಬೆಂಗಳೂರು. ನೋಟ್‌ಬುಕ್ಕಿನ ಲೆಕ್ಕವೆಲ್ಲ ಅಲ್ಲಿಗೆ ನಿಂತಿತು. ಹತ್ತಿದ್ದು ಒಂದು ವರ್ಷ, ಇಳಿದದ್ದು ಮರುವರ್ಷ. ಕಾಕಾನಿಗೆ ಫೋನ್ ಮಾಡಿದರೆ, ‘ಬಿತ್ತೇನು? ಬಿಡು’ ಅಂದ. ಆಮೇಲೆ ಎರಡು ನಿಮಿಷ ಇಬ್ಬರೂ ಫೋನ್ ಇಡದೆ ಸುಮ್ಮನಿದ್ದೆವು. ಅದೇ ವಾರ, ಏಪ್ರಿಲ್ 12ರಂದು ಐಎಸ್‌ಎಲ್ ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ ಮೋಹನ್ ಬಾಗನ್ ಎದುರು 1–2ರಿಂದ ಸೋತಾಗ ಪಿಜಿಯೆಲ್ಲ ಮರುಗಿತು. ಆರು ದಿನದ ಹಿಂದೆ ಇದೇ ಊರಿನ ಇನ್ನೊಂದು ತಂಡ ಕೆಳಗೆ ಬಿದ್ದದ್ದು ಯಾರಿಗೂ ಗೊತ್ತಿರಲಿಲ್ಲ. ಸೋಲಿಗಿಂತ ನನಗೆ ಹೆಚ್ಚು ಚುಚ್ಚಿದ್ದು ಇದು. ಫೈನಲ್‌ನಲ್ಲಿ ಸೋತರೆ ಅಳಲು ಜೊತೆಗಾರರು ಸಿಗುತ್ತಾರೆ. ತಳದಲ್ಲಿ ಸೋತವನು ಒಬ್ಬನೇ ಅಳಬೇಕು.

ಮೇ 2ಕ್ಕೆ ಎಸ್ಸೆಸ್ಸೆಲ್ಸಿ ಫಲಿತಾಂಶ. ಅಭ್ಯಾಸಬಲದಿಂದ ಪಟ್ಟಿಯ ಕೊನೆಯ ಸಾಲು ನೋಡಿದೆ. ಅಲ್ಲಿ ಕಲಬುರಗಿ, ಶೇ 42.43. ಯಾದಗಿರಿ ಅಲ್ಲಿರಲಿಲ್ಲ! ಪಿಜಿಯಲ್ಲಿ ಎದ್ದು ನಿಂತು ಕರಾವಳಿಯ ಗೆಳೆಯನಿಗೆ ಮೊಬೈಲ್ ತೋರಿಸಿದೆ. ಹಿಂಬಡ್ತಿ ತಪ್ಪಿಸಿಕೊಂಡ ತಂಡದ ಅಭಿಮಾನಿಯ ಖುಷಿ ಹೇಗಿರುತ್ತದೆ ಅಂತ ಆ ದಿನ ಮೊದಲ ಸಲ ಗೊತ್ತಾಯಿತು. ಆಮೇಲೆ ಮನೆಗೆ ಫೋನ್ ಮಾಡಿದೆ. ಅವ್ವ ತಂಗಿಗೆ ಕೊಟ್ಟಳು.

‘ನಮ್ ಜಿಲ್ಲಾ ಲಾಸ್ಟ್ ಇಲ್ಲ ನೋಡು!’ ಅಂದೆ.

‘ಜಿಲ್ಲಾ ಮ್ಯಾಲ ಬಂದದಣ್ಣ. ನಾ ಗಣಿತದಾಗ ಫೇಲ್ ಆಗೀನಿ’ ಅಂದಳು.

ನನ್ನ ಮುಖಕ್ಕೆ ಯಾರೋ ನೀರು ಎರಚಿದಂತಾಯಿತು. ಇಷ್ಟು ವರ್ಷ ಪಟ್ಟಿಯ ಕೊನೆಯ ಸಾಲು ಓದಿ ನೊಂದುಕೊಂಡವನು ಆ ಸಾಲಿನ ಹಿಂದೆ ಮನೆಯಲ್ಲಿ ಕೂತು ಅಳುವ ಒಂದೊಂದು ಮಗುವಿದೆ ಅಂತ ಒಮ್ಮೆಯೂ ಯೋಚಿಸಿರಲಿಲ್ಲ. ಮತ್ತೆ, ಯಾವ ಕಲಬುರಗಿಯಲ್ಲಿ ನಮ್ಮ ಅರ್ಧ ನೆಂಟರಿದ್ದಾರೋ, 2009ರ ಕೊನೆಯವರೆಗೆ ನಾವೂ ಯಾವ ಜಿಲ್ಲೆಯ ಭಾಗವಾಗಿದ್ದೆವೋ, ಅದು ನಮಗಿಂತ ಕೆಳಗಿದೆ ಅಂತ ಕುಣಿದಿದ್ದೆ. ಐಜ್ವಾಲ್ ಸೋಲಲಿ ಅಂದವನ ಬುದ್ಧಿ ಇಲ್ಲೂ ಬಂದಿತ್ತು.

ಮರುದಿನವೇ ಊರಿಗೆ ಹೊರಟೆ. ಭೀಮಾ ಸೇತುವೆ ದಾಟಿ, ಶಹಾಪುರದ ಮಲಗಿದ ಬುದ್ಧನ ಬೆಟ್ಟ ದಾಟಿ, ಸುರಪುರ ಮುಟ್ಟುವ ತನಕ ಅವಳಿಗೆ ಏನು ಹೇಳಬೇಕು ಅಂತ ಯೋಚಿಸುತ್ತಲೇ ಇದ್ದೆ. ಒಂದು ಒಳ್ಳೆಯ ಕಥೆ ಸಿಕ್ಕಿತ್ತು. ಅದೇ ಐಜ್ವಾಲ್ 2015–16ರಲ್ಲಿ ಐ–ಲೀಗ್‌ನಿಂದ ಕೆಳಗೆ ಬಿದ್ದಿತ್ತು. ಗೋವಾದ ತಂಡಗಳು ಹಿಂದೆ ಸರಿದದ್ದರಿಂದ ಅದಕ್ಕೆ ಮತ್ತೆ ಅವಕಾಶ ಸಿಕ್ಕಿತು. ಸಿಕ್ಕ ವರ್ಷವೇ, 2016–17ರಲ್ಲಿ, ಆ ತಂಡ ಚಾಂಪಿಯನ್ ಆಯಿತು. ಇದನ್ನೆಲ್ಲ ಉತ್ಸಾಹದಿಂದ ಹೇಳಿದೆ. ತಂಗಿ ಕೇಳಿಸಿಕೊಂಡು, ‘ಟೀಮಿನಾಗ ಹನ್ನೊಂದು ಮಂದಿ ಇರ್ತಾರಣ್ಣ. ನಾ ಒಬ್ಬಾಕಿ ಅದೀನಿ’ ಅಂದಳು.

ಅದಕ್ಕೆ ನನ್ನ ಹತ್ತಿರ ಕಥೆ ಇರಲಿಲ್ಲ. ಪುಸ್ತಕ ತೆಗೆದೆ. ಆ ವರ್ಷ ಮೂರು ಪರೀಕ್ಷೆ ಇದ್ದವು. ಪರೀಕ್ಷೆ–2 ಮೇ ಕೊನೆಯ ವಾರ. ಮೂರು ವಾರ ಇತ್ತು. ಬೆಳಿಗ್ಗೆ ಬಿಸಿಲೇರುವ ಮುಂಚೆ ಬೀಜಗಣಿತ, ಸಂಜೆ ಅಂಗಳದಲ್ಲಿ ಪ್ರಮೇಯ. ಕೆಲವು ದಿನ ಸಿಟ್ಟು, ಕೆಲವು ದಿನ ಅಳು. ಪಕ್ಕದ ಮನೆಯ ಇಬ್ಬರು ಹುಡುಗಿಯರೂ ಬಂದು ಕುಳಿತರು, ಅವರದೂ ಗಣಿತವೇ ಹೋಗಿತ್ತು. ಅವಳು ಒಬ್ಬಳೇ ಅಲ್ಲ ಅಂತ ನಾನು ಹೇಳುವ ಅಗತ್ಯ ಬೀಳಲಿಲ್ಲ. ವಿವರಿಸುತ್ತಾ ಹೋದಂತೆ ನಾನು ಬಾಯಿಪಾಠ ಮಾಡಿಕೊಂಡಿದ್ದ ಎಷ್ಟೋ ಸೂತ್ರಗಳು ನನಗೂ ಅರ್ಥವಾಗಿರಲಿಲ್ಲ ಅಂತ ತಿಳಿಯಿತು. ಕಟ್‌ಆಫ್ ಯಾಕೆ ತಪ್ಪುತ್ತಿತ್ತು ಅನ್ನುವುದಕ್ಕೂ ಸ್ವಲ್ಪ ಉತ್ತರ ಸಿಕ್ಕಿತು.

ಜೂನ್‌ನಲ್ಲಿ ಫಲಿತಾಂಶ ಬಂತು. ತಂಗಿಗೆ ಗಣಿತದಲ್ಲಿ 43. ಪಕ್ಕದ ಮನೆಯ ಒಬ್ಬಳು ಪಾಸು, ಇನ್ನೊಬ್ಬಳು ಪರೀಕ್ಷೆ–3 ಕಟ್ಟಿದಳು. ತಂಗಿ ಸುರಪುರದಲ್ಲಿ ಪಿಯುಸಿ ಸೇರಿದ್ದಾಳೆ. ನಾನು ಮತ್ತೆ ವಿಜಯನಗರದ ಅದೇ ಮಂಚದ ಮೇಲಿದ್ದೇನೆ. 2025ರ ಜುಲೈ 18ರಂದು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಈ ಐ–ಲೀಗ್‌ನ ಚಾಂಪಿಯನ್ ಇಂಟರ್ ಕಾಶಿ ಅಂತ ತೀರ್ಪು ಕೊಟ್ಟಿತು. ಏಪ್ರಿಲ್‌ನಲ್ಲಿ ಚಾಂಪಿಯನ್ ಅಂತ ಘೋಷಿಸಿದ್ದು ಚರ್ಚಿಲ್ ಬ್ರದರ್ಸ್ ತಂಡವನ್ನು. ಪಟ್ಟಿಯ ಮೇಲಿನ ಸಾಲು ಮೂರು ತಿಂಗಳ ಮೇಲೆ ಬದಲಾಯಿತು. ಕೆಳಗಿನ ಸಾಲು ಹಾಗೆಯೇ ಇದೆ.

ಆ ಸುದ್ದಿ ಹೇಳಲು ಫೋನ್ ಮಾಡಿದಾಗ ತಂಗಿ ಕೇಳಿದಳು: ‘ಅದು ಇರಲಿ. ನಿನ್ ಟೀಮಿಂದು ಪರೀಕ್ಷೆ–2 ಯಾವಾಗ?’

‘ಕೆಳಗಿನ ಲೀಗ್ ಆಡಿ ಗೆದ್ದು ಬರಬೇಕು.’

‘ಮತ್ತ ನಿಂದು?’

‘ಅರ್ಜಿ ಹಾಕೀನಿ’ ಅಂದೆ.