ಕಿರುಗಾಡಿಗೆ ಅಕ್ಷರಾಭ್ಯಾಸ

ಮನೆಯಲ್ಲಿ ಶಿಶು ಜನಿಸಿದರೆ ನಾಮಕರಣ ಮಾಡುತ್ತೇವೆ; ಹೊಸ ಮನೆಯನ್ನು ಕಟ್ಟಿಸಿದರೆ ಬಾಗಿಲ ಪಕ್ಕದಲ್ಲಿ ಹೆಸರನ್ನು ಬರೆಯಿಸುತ್ತೇವೆ. ಹೆಸರು ಬರುವವರೆಗೆ ಅದು ಯಾವುದೋ ಒಂದು ಮನೆ. ಬಂದ ಮೇಲೆ ಇಂಥವರ ಮನೆ. ರೈಲುಗಾಡಿಗೂ ಈ ಮಾತು ಸಲ್ಲುವುದು. ಮೈಮೇಲೆ ಅಕ್ಷರವಿಲ್ಲದ ಗಾಡಿಯು ಗಾಲಿಗಳ ಮೇಲಿಟ್ಟ ಒಂದು ಪೆಟ್ಟಿಗೆ ಮಾತ್ರ. ಅದು ಯಾರದು, ಎಲ್ಲಿ ಯಾವಾಗ ಹುಟ್ಟಿತು, ಎಲ್ಲಿಂದ ಎಲ್ಲಿಗೆ ಹೋಗುವುದು ಎಂಬುದನ್ನೆಲ್ಲ ಹೇಳತಕ್ಕದ್ದು ಅದರ ಮೇಲಿನ ಬರಹವೇ. ಮೇಜಿನ ಮೇಲೆ ಓಡುವ ಕಿರುಗಾಡಿಯ ವಿಷಯದಲ್ಲಿ ಇದು ಇನ್ನೂ ಹೆಚ್ಚು ನಿಜ.

ಕಿರುರೈಲುಗಳನ್ನು ಕಟ್ಟುವ ವಿನೋದವು ಪಶ್ಚಿಮ ದೇಶಗಳಲ್ಲಿ ಬಹುಕಾಲದಿಂದ ಬೇರೂರಿದೆ. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಫ್ರ್ಯಾಂಕ್ ಹಾರ್ನ್‌ಬಿಯವರ ಕಂಪನಿಯು ೧೯೨೦ರಲ್ಲಿ ತನ್ನ ತಗಡಿನ ರೈಲುಗಳನ್ನು ಮಾರುಕಟ್ಟೆಗೆ ತಂದಿತು. ಇಂದು ಅಲ್ಲಿಯ ಹವ್ಯಾಸಿಗಳಿಗೆ ಅಕ್ಷರಗಳ ಕೊರತೆಯಿಲ್ಲ. ತಮ್ಮ ದೇಶದ ಯಾವ ರೈಲ್ವೆಯ ಯಾವ ಕಾಲದ ಗಾಡಿಯನ್ನು ಕಟ್ಟಿದರೂ ಅದಕ್ಕೆ ತಕ್ಕ ಅಕ್ಷರಹಾಳೆಯು ಅಂಗಡಿಯಲ್ಲಿ ದೊರೆಯುವ ಸಂಭವವೇ ಹೆಚ್ಚು. ಈ ಹಾಳೆಗೆ ಡೆಕಾಲ್ ಎಂದು ಹೆಸರು. ನೀರಿನಲ್ಲಿ ಕರಗುವ ಅಂಟನ್ನು ಬಳಿದ ಕಾಗದದ ಮೇಲೆ ಅತಿ ತೆಳುವಾದ ಪೊರೆಯಿರುವುದು. ಆ ಪೊರೆಯ ಮೇಲೆ ಅಕ್ಷರಗಳಿರುವುವು. ನೀರಿನಲ್ಲಿ ನೆನೆಸಿದರೆ ಅಂಟು ಕರಗಿ ಪೊರೆಯು ಕಾಗದದಿಂದ ಜಾರುವುದು. ಅದನ್ನು ಗಾಡಿಯ ಮೈಮೇಲೆ ಜಾರಿಸಿ ಕೂರಿಸಬೇಕು. ಆದರೆ ನಮ್ಮ ನಾಡಿನ ಗಾಡಿಗಳಿಗೆ, ಅದರಲ್ಲಿಯೂ ಕನ್ನಡ ಅಕ್ಷರಗಳಿಗೆ, ಇಂಥ ಸಿದ್ಧ ಹಾಳೆಯು ಸುಲಭವಾಗಿ ದೊರೆಯದು. ಆದುದರಿಂದ ಅಕ್ಷರಗಳನ್ನು ನಾವೇ ಹುಡುಕಿ ನಾವೇ ಮಾಡಿಕೊಳ್ಳಬೇಕು. ಕಷ್ಟವೆಂದು ತೋರುವ ಈ ಕೆಲಸದಲ್ಲಿಯೇ ಹವ್ಯಾಸದ ಸಾರವಿರುವುದು.

ಹುಡುಕುವುದಕ್ಕೆ ಬೆಂಗಳೂರಿನ ಪೂರ್ವಭಾಗಕ್ಕಿಂತ ಒಳ್ಳೆಯ ಸ್ಥಳವು ವಿರಳ. ೧೮೬೪ರಲ್ಲಿ ಮದರಾಸು ರೈಲ್ವೆಯ ಹಳಿಯು ಜೋಲಾರಪೇಟೆಯ ಕಡೆಯಿಂದ ಬಂದು ದಂಡಿನ ನಿಲ್ದಾಣವನ್ನು ಮುಟ್ಟಿತು. ಕೃಷ್ಣರಾಜಪುರ, ಬೈಯಪ್ಪನಹಳ್ಳಿ, ದಂಡು ಎಂಬ ಕ್ರಮದಲ್ಲಿ ಇಂದಿಗೂ ಆ ಮಾರ್ಗವೇ ನಡೆಯುತ್ತಿದೆ. ಇಂದಿರಾನಗರಕ್ಕೆ ಸಮೀಪದ ತಿಪ್ಪಸಂದ್ರದ ಬಳಿ ರೈಲುಬೋಗಿಗಳನ್ನು ಕಟ್ಟುವ ಕಾರ್ಖಾನೆಯೇ ಇದೆ. ಹಿಂದೆ ವಿಮಾನಗಳ ಜೊತೆಗೆ ರೈಲುಬೋಗಿಗಳನ್ನೂ ಕಟ್ಟುತ್ತಿದ್ದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯ ಆ ವಿಭಾಗವು, ೧೯೬೪ರಲ್ಲಿ ಹುಟ್ಟಿದ ಭಾರತ್ ಅರ್ತ್ ಮೂವರ್ಸ್ ಸಂಸ್ಥೆಗೆ ಸೇರಿತು. ೨೦೧೧ರ ಅಕ್ಟೋಬರ್ ೨೦ರಂದು ಬೈಯಪ್ಪನಹಳ್ಳಿಯಿಂದ ಇಂದಿರಾನಗರ, ಹಲಸೂರುಗಳ ಮೇಲೆ ಮಹಾತ್ಮಾ ಗಾಂಧಿ ರಸ್ತೆಯವರೆಗೆ ಓಡತೊಡಗಿದ ನಮ್ಮ ಮೆಟ್ರೋ ಗಾಡಿಗಳು ಈ ಸಂಸ್ಥೆಯು ಕಟ್ಟಿದುವೇ.

ಇನ್ನು ಗಾಡಿಯ ಮೇಲಿನ ಬರಹವು ಏನನ್ನು ಹೇಳುವುದೆಂಬುದನ್ನು ನೋಡೋಣ. ಮೊದಲನೆಯದು ಒಡೆಯನ ಗುರುತು. ೧೯೦೮ರಿಂದ ದಂಡಿನ ಮಾರ್ಗವು ಮದರಾಸು ಮತ್ತು ದಕ್ಷಿಣ ಮರಾಠ ರೈಲ್ವೆಗೆ ಸೇರಿತ್ತು. ೧೯೫೧ರ ಏಪ್ರಿಲ್ ೧೪ರಂದು ಆ ರೈಲ್ವೆ, ದಕ್ಷಿಣ ಭಾರತ ರೈಲ್ವೆ, ಮೈಸೂರು ಸಂಸ್ಥಾನದ ರೈಲ್ವೆ ಈ ಮೂರೂ ಕೂಡಿ ದಕ್ಷಿಣ ರೈಲ್ವೆಯಾಯಿತು. ೨೦೦೩ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ನೈಋತ್ಯ ರೈಲ್ವೆಯು ಬೇರೆಯಾಯಿತು. ಎರಡನೆಯದು ಗಾಡಿಯ ಜಾತಿಯನ್ನು ಸೂಚಿಸುವ ಸಂಕೇತಾಕ್ಷರಗಳು. ಡಬ್ಲ್ಯೂ. ಜಿ. ಎಸ್. ಸಿ. ಎನ್. ಎಂದಿದ್ದರೆ, ಒಂದು ಗಾಡಿಯಿಂದ ಮತ್ತೊಂದಕ್ಕೆ ನಡೆದುಹೋಗಲು ದಾರಿಯುಳ್ಳ, ತನ್ನ ದೀಪದ ವಿದ್ಯುತ್ತನ್ನು ತಾನೇ ಉಂಟುಮಾಡಿಕೊಳ್ಳುವ, ಎರಡನೆಯ ದರ್ಜೆಯ, ಮೂರು ಅಂತಸ್ತಿನ ಮಲಗುವ ಗಾಡಿಯೆಂದು ಅರ್ಥ. ಮೂರನೆಯದು ಸಂಖ್ಯೆ. ಬಹುಕಾಲ ನಡೆದುಬಂದ ಐದಂಕಿಯ ಸಂಖ್ಯೆಯಲ್ಲಿ ಮೊದಲೆರಡು ಅಂಕಿಗಳು ಗಾಡಿಯು ಹುಟ್ಟಿದ ವರ್ಷವನ್ನೂ, ಕೊನೆಯ ಮೂರು ಅದರ ವರ್ಗವನ್ನೂ ತಿಳಿಸುವುವು. ಹೇಗೆಂದರೆ, ೯೮೨೧೪ ಎಂಬುದು ೧೯೯೮ರಲ್ಲಿ ಕಟ್ಟಿದ ಮಲಗುವ ಗಾಡಿ. ಇನ್ನೂರರಿಂದ ಮುನ್ನೂರ ತೊಂಬತ್ತೊಂಬತ್ತರವರೆಗಿನ ಸಂಖ್ಯೆಗಳು ಆ ವರ್ಗಕ್ಕೆ ಮೀಸಲಾಗಿದ್ದುವು. ಇವಲ್ಲದೆ ಗಾಡಿಯ ತುದಿಗೋಡೆಯ ಮೇಲೆ, ಕಳೆದ ದುರಸ್ತಿಯ ದಿನವನ್ನೂ ಮತ್ತೆ ಕಾರ್ಖಾನೆಗೆ ಮರಳಬೇಕಾದ ದಿನವನ್ನೂ ಸಣ್ಣ ಅಕ್ಷರಗಳಲ್ಲಿ ಬರೆದಿರುವರು.

ಇವೆಲ್ಲವೂ ಒಂದಕ್ಕೊಂದು ಹೊಂದಿರಬೇಕು. ಪೆರಂಬೂರಿನ ಇಂಟಿಗ್ರಲ್ ಕೋಚ್ ಕಾರ್ಖಾನೆಯು ಆರಂಭವಾದುದು ೧೯೫೫ರಲ್ಲಿ. ಅದರ ಗಾಡಿಯ ಮೇಲೆ ದಕ್ಷಿಣ ಮರಾಠ ರೈಲ್ವೆಯ ಹೆಸರನ್ನು ಅಂಟಿಸಿದರೆ ಮೊಮ್ಮಗನಿಗೆ ಅಜ್ಜನ ಮದುವೆಯ ದಿನವನ್ನು ಹುಟ್ಟುದಿನವೆಂದು ಬರೆದಂತೆ. ಮೂರನೆಯ ದರ್ಜೆಯು ೧೯೭೪ರಲ್ಲಿ ರದ್ದಾಯಿತು. ಆದುದರಿಂದ ಆ ದರ್ಜೆಯನ್ನು ಸೂಚಿಸುವ ಮೂರು ಗೆರೆಗಳ ರೋಮನ್ ಅಂಕಿಯೂ ನೈಋತ್ಯ ರೈಲ್ವೆಯ ಅಕ್ಷರಗಳೂ ಒಂದೇ ಗಾಡಿಯ ಮೇಲೆ ಕೂಡಿರಲಾರವು. ಮಾರ್ಗಫಲಕಗಳ ವಿಷಯವೂ ಹೀಗೆಯೇ. ಬೃಂದಾವನ ಎಕ್ಸ್‌ಪ್ರೆಸ್ಸು ೧೯೬೪ರಲ್ಲಿ ಓಡತೊಡಗಿದಾಗ ಅದರ ಆ ಕಡೆಯ ಊರು ಮದರಾಸು; ೧೯೯೬ರ ಮೇಲೆ ಅದೇ ಊರು ಚೆನ್ನೈ. ಈ ಕಡೆಯ ಊರಿನ ಇಂಗ್ಲಿಷ್ ರೂಪವು ೨೦೧೪ರ ನವೆಂಬರ್ ೧ರಂದು ಬದಲಾಯಿತು. ಆದರೆ ಕನ್ನಡದಲ್ಲಿ ಅದು ಮೊದಲೂ ಬೆಂಗಳೂರು, ಈಗಲೂ ಬೆಂಗಳೂರು. ಇಂಗ್ಲಿಷ್ ಫಲಕಕ್ಕೆ ಕಾಲವನ್ನು ನೋಡಬೇಕು. ಕನ್ನಡದ ಆ ಒಂದು ಹೆಸರಿಗೆ ಆ ಚಿಂತೆಯಿಲ್ಲ.

ಇನ್ನು ಅಳತೆ. ಹವ್ಯಾಸಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಚ್. ಓ. ಎಂಬ ಪ್ರಮಾಣ, ಎಂದರೆ ನಿಜವಾದ ಗಾಡಿಯ ಎಂಬತ್ತೇಳನೆಯ ಒಂದು ಪಾಲು. ಪೆರಂಬೂರಿನ ಹಳೆಯ ಮಾದರಿಯ ಗಾಡಿಯ ಮೈಯುದ್ದ ೨೧,೩೩೭ ಮಿಲಿಮೀಟರು. ಮೇಜಿನ ಮೇಲೆ ಅದು ೨೪೫ ಮಿಲಿಮೀಟರು. ಈ ಒಂದು ಸಂಖ್ಯೆಯು ತಿಳಿದಿದ್ದರೆ ಅಕ್ಷರದ ಎತ್ತರವನ್ನು ಏಣಿ ಹತ್ತದೆ ಅಳೆಯಬಹುದು. ಗಾಡಿಯು ನಿಂತಿರುವಾಗ, ನಿಲ್ದಾಣದವರ ಅನುಮತಿಯನ್ನು ಪಡೆದು, ಹಳದಿ ಗೆರೆಯ ಈಚೆಗೆ ನಿಂತು, ಎದುರು ಪ್ಲಾಟ್‌ಫಾರಮಿನಿಂದ ಪೂರ್ತಿ ಗಾಡಿಯ ಛಾಯಾಚಿತ್ರವನ್ನು ನೇರವಾಗಿ ತೆಗೆಯಬೇಕು. ಓರೆಯಾಗಿ ತೆಗೆದರೆ ದೂರದ ಅಕ್ಷರವು ಕುಗ್ಗಿ ಲೆಕ್ಕವು ತಪ್ಪುವುದು. ಚಿತ್ರದಲ್ಲಿ ಅಕ್ಷರದ ಎತ್ತರವು ಗಾಡಿಯ ಉದ್ದದ ನೂರೈವತ್ತನೆಯ ಒಂದು ಭಾಗವಾಗಿದ್ದರೆ, ಕಿರುಗಾಡಿಯಲ್ಲಿ ಅದು ೨೪೫ನ್ನು ೧೫೦ರಿಂದ ಭಾಗಿಸಿದಷ್ಟು, ಎಂದರೆ ಸುಮಾರು ೧.೬ ಮಿಲಿಮೀಟರು. ಶಾಲೆಯ ಮಕ್ಕಳಿಗೆ ಅನುಪಾತದ ಲೆಕ್ಕವನ್ನು ಕಲಿಸಲು ಇದಕ್ಕಿಂತ ಸೊಗಸಾದ ಉಪಾಯವು ಬೇಕೆ?

ಅಷ್ಟು ಸಣ್ಣ ಅಳತೆಯಲ್ಲಿ ಕನ್ನಡವನ್ನು ಬರೆಯುವಾಗ ವಿಶೇಷವಾದ ಎಚ್ಚರವು ಬೇಕು. ರೋಮನ್ ದೊಡ್ಡಕ್ಷರಗಳು ಒಂದೇ ಎತ್ತರದಲ್ಲಿ ಸಾಲಾಗಿ ನಿಲ್ಲುವುವು. ಕನ್ನಡಕ್ಕೆ ಮೇಲೆ ಗುಣಿತದ ಚಿಹ್ನೆಯೂ ಕೆಳಗೆ ಒತ್ತಕ್ಷರವೂ ಉಂಟು. ‘ಬೆಂಗಳೂರು ದಂಡು’ ಎಂಬ ಹೆಸರಿನಲ್ಲಿ ಒತ್ತೇ ಇಲ್ಲದುದರಿಂದ ಅದು ಹೊಸಬರಿಗೆ ಸುಲಭ. ಆದರೆ ಬೈಯಪ್ಪನಹಳ್ಳಿಯಲ್ಲಿ ೨೦೨೨ರ ಜೂನ್ ತಿಂಗಳಲ್ಲಿ ರೈಲುಗಳನ್ನು ಹೊರಡಿಸತೊಡಗಿದ ಹೊಸ ನಿಲ್ದಾಣಕ್ಕಿರುವ ‘ವಿಶ್ವೇಶ್ವರಯ್ಯ’ ಎಂಬ ಹೆಸರಿನಲ್ಲಿ ಮೂರು ಒತ್ತಕ್ಷರಗಳಿವೆ. ಅವಕ್ಕೆ ಸ್ಥಳವನ್ನು ಬಿಡದಿದ್ದರೆ ಮಸಿಯು ಕೂಡಿಕೊಂಡು ಅಕ್ಷರವು ಚುಕ್ಕೆಯಾಗುವುದು. ‘ಧಾರವಾಡ’ದ ಮೊದಲ ಅಕ್ಷರದ ಕೆಳಗಿನ ಸಣ್ಣ ಗೆರೆಯು ಅಳಿಸಿದರೆ ಊರು ‘ದಾರವಾಡ’ವಾಗುವುದು, ಮಹಾಪ್ರಾಣವೇ ಹೋದಂತಾಗುವುದು. ಆದುದರಿಂದ ಇಂಥ ಗೆರೆಗಳನ್ನು ಕಿರಿದುಮಾಡುವ ಮುಂಚೆಯೇ ತುಸು ದಪ್ಪಮಾಡಿ, ಅಕ್ಷರಗಳ ಹೊಟ್ಟೆಯ ಬಯಲನ್ನು ತುಸು ಅಗಲಮಾಡಬೇಕು. ಕಂಪ್ಯೂಟರಿನಲ್ಲಿ ಬರೆಯುವವರು ಇಂಕ್‌ಸ್ಕೇಪಿನಂಥ ಚಿತ್ರತಂತ್ರದಲ್ಲಿ ಯೂನಿಕೋಡ್ ಅಕ್ಷರಗಳನ್ನು ಕೂಡಿಸಿ, ಒತ್ತುಗಳು ಸರಿಯಾಗಿ ಕೂತಿವೆಯೆಂದು ನೋಡಿಕೊಂಡು, ಅನಂತರ ಅವನ್ನು ರೇಖಾಚಿತ್ರವಾಗಿ ಮಾರ್ಪಡಿಸಬೇಕು. ಆಗ ಬೇರೆ ಯಂತ್ರದಲ್ಲಿ ತೆರೆದರೂ ಅಕ್ಷರಗಳು ಚೆದರಿಹೋಗವು. ಕುಂಚದಿಂದ ಬರೆದ ಹಳೆಯ ಗಾಡಿಯ ಅಕ್ಷರಕ್ಕಾದರೋ ಯಾವ ಅಚ್ಚಿನ ಅಕ್ಷರವೂ ಪೂರ್ತಿ ಹೊಂದದು. ಛಾಯಾಚಿತ್ರದ ಮೇಲೆಯೇ ಅದರ ಅಂಚನ್ನು ತಿದ್ದಿ ತೆಗೆಯುವುದು ಒಳ್ಳೆಯದು.

ಮುದ್ರಣದಲ್ಲಿ ಎಲ್ಲರಿಗೂ ಎದುರಾಗುವ ತೊಡಕೊಂದುಂಟು. ಮನೆಯ ಮುದ್ರಣಯಂತ್ರವು ಬಿಳಿಯ ಬಣ್ಣವನ್ನು ಅಚ್ಚುಮಾಡಲಾರದು. ನಮ್ಮ ಗಾಡಿಗಳಾದರೋ ಬಹುಕಾಲ ಕಡುಗೆಂಪು, ಆಮೇಲೆ ನೀಲಿ. ಅವುಗಳ ಮೇಲಿನ ಬರಹವು ಹಳದಿ ಅಥವಾ ಬಿಳಿ. ಪಾರದರ್ಶಕವಾದ ಪೊರೆಯ ಮೇಲೆ ಅಚ್ಚಾದ ಹಳದಿಯು ಕಡುಗೆಂಪಿನ ಮೇಲೆ ಕೂತೊಡನೆ ಕಾಣದೆ ಮಾಯವಾಗುವುದು. ಇದಕ್ಕೆ ಎರಡು ಉಪಾಯಗಳಿವೆ. ಬಿಳಿಯ ಟೋನರನ್ನು ಬಳಸುವ ಮುದ್ರಣಾಲಯವು ದೊರೆತರೆ ಅಲ್ಲಿ ಅಚ್ಚುಹಾಕಿಸುವುದು ಒಂದು. ಇಲ್ಲದಿದ್ದರೆ ಬಿಳಿಯ ಪೊರೆಯುಳ್ಳ ಡೆಕಾಲ್ ಕಾಗದವನ್ನು ತಂದು, ಅಕ್ಷರದ ಸುತ್ತಲೂ ಗಾಡಿಯ ಬಣ್ಣವನ್ನೇ ಅಚ್ಚುಹಾಕಿ, ಅಕ್ಷರವನ್ನು ಬಿಳಿಯಾಗಿಯೋ ಹಳದಿಯಾಗಿಯೋ ಬಿಡುವುದು ಮತ್ತೊಂದು. ಎರಡನೆಯ ಕ್ರಮದಲ್ಲಿ ಬಣ್ಣವು ಹೊಂದುವುದು ಮುಖ್ಯ. ಮೊದಲು ನಾಲ್ಕಾರು ಛಾಯೆಗಳ ಚೌಕಗಳನ್ನು ಅಚ್ಚುಹಾಕಿ, ಗಾಡಿಯ ಪಕ್ಕದಲ್ಲಿ ಹಗಲುಬೆಳಕಿನಲ್ಲಿ ಹಿಡಿದು ಆರಿಸಿಕೊಳ್ಳಬೇಕು. ಮಸಿಯನ್ನು ಚಿಮ್ಮುವ ಯಂತ್ರದಲ್ಲಿ ಅಚ್ಚಾದ ಹಾಳೆಯು ನೀರಿನಲ್ಲಿ ಕರಗುವುದರಿಂದ, ಪೂರ್ತಿ ಒಣಗಿದ ಮೇಲೆ ತೆಳುವಾದ ವಾರ್ನಿಷನ್ನು ಎರಡು ಮೂರು ಸಲ ಸಿಂಪಡಿಸಬೇಕು. ಲೇಸರ್ ಯಂತ್ರದ ಅಚ್ಚಿಗೆ ಸಾಮಾನ್ಯವಾಗಿ ಇದು ಬೇಡ. ಹೊಸಬರು ತಿಳಿಬಣ್ಣದ ಗಾಡಿಯಿಂದ ಆರಂಭಿಸುವುದು ಮೇಲು. ಬಿಳಿಯ ಮೈಮೇಲೆ ಕಪ್ಪು ಅಥವಾ ನೀಲಿಯ ಅಕ್ಷರಕ್ಕೆ ಈ ತೊಡಕು ಯಾವುದೂ ಇಲ್ಲ.

ಅಂಟಿಸುವ ಕೆಲಸಕ್ಕೆ ತಾಳ್ಮೆಯೇ ಮೊದಲ ಸಾಧನ. ಗಾಡಿಯ ಮೈಯನ್ನು ಸಾಬೂನಿನ ನೀರಿನಿಂದ ತೊಳೆದು ಒಣಗಿಸಿ, ಹೊಳಪಿನ ವಾರ್ನಿಷನ್ನು ಬಳಿಯಬೇಕು. ಮಂಕಾದ ಬಣ್ಣವು ನುಣುಪಾಗಿ ಕಂಡರೂ ಸೂಕ್ಷ್ಮವಾಗಿ ತರಿತರಿಯಾಗಿರುವುದು. ಆ ತರಿಗಳ ನಡುವೆ ಗಾಳಿಯು ಸಿಕ್ಕಿ, ಪೊರೆಯು ಬೆಳ್ಳಿಯಂತೆ ಮಿನುಗಿ ಗುಟ್ಟನ್ನು ಬಿಟ್ಟುಕೊಡುವುದು. ಅಕ್ಷರವನ್ನು ಹರಿತವಾದ ಅಲಗಿನಿಂದ ಅಂಚಿಗೆ ಹತ್ತಿರವಾಗಿ ಕತ್ತರಿಸಿ, ಚಿಮಟದಿಂದ ಹಿಡಿದು, ಉಗುರುಬೆಚ್ಚಗಿನ ನೀರಿನಲ್ಲಿ ಇಪ್ಪತ್ತು ಮೂವತ್ತು ಸೆಕೆಂಡು ಅದ್ದಿ ಹೊರಗಿಡಬೇಕು. ಒಂದು ನಿಮಿಷದಲ್ಲಿ ಪೊರೆಯು ಸಡಿಲವಾಗುವುದು. ಗಾಡಿಯ ಮೇಲೆ ಒಂದು ತೊಟ್ಟು ನೀರಿಟ್ಟು, ಕಾಗದದಿಂದ ಅಕ್ಷರವನ್ನು ಮೃದುವಾದ ಕುಂಚದಿಂದ ಜಾರಿಸಿ, ಕಿಟಕಿಯ ಸಾಲಿಗೆ ಸಮವಾಗಿ ನಿಲ್ಲಿಸಬೇಕು. ಬೆರಳಿನಿಂದ ಒತ್ತಬಾರದು, ಬಟ್ಟೆಯ ತುದಿಯಿಂದ ನೀರನ್ನು ಹೀರಬೇಕು. ಗಾಡಿಯ ಮೈಯಲ್ಲಿ ಉಬ್ಬುತಗ್ಗುಗಳಿದ್ದರೆ ಪೊರೆಯನ್ನು ಮೆದುಮಾಡುವ ದ್ರಾವಣವನ್ನು ಸವರಬೇಕು. ಆಗ ಪೊರೆಯು ಸುಕ್ಕುಗಟ್ಟಿ ಗಾಬರಿಪಡಿಸುವುದು. ಮುಟ್ಟದೆ ಬಿಟ್ಟರೆ ತಾನೇ ಬಿಗಿದು ಬಣ್ಣದಂತೆ ಅಂಟಿಕೊಳ್ಳುವುದು. ಮರುದಿನ ಅಂಟಿನ ಕಲೆಯನ್ನು ಒದ್ದೆ ಬಟ್ಟೆಯಿಂದ ಒರಸಿ, ಮಂಕು ವಾರ್ನಿಷಿನಿಂದ ಮುಚ್ಚಿದರೆ ಪೊರೆಯ ಅಂಚು ಕಾಣಿಸದು. ವಾರ್ನಿಷನ್ನೂ ದ್ರಾವಣಗಳನ್ನೂ ಅಡುಗೆಯ ಒಲೆಯಿಂದ ದೂರ, ಗಾಳಿಯಾಡುವ ಕಡೆ ಬಳಸಬೇಕು. ಅಲಗನ್ನೂ ಸೀಸೆಗಳನ್ನೂ ಚಿಕ್ಕ ಮಕ್ಕಳ ಕೈಗೆ ಎಟುಕದಂತಿಡಬೇಕು.

ಇಷ್ಟೆಲ್ಲ ಶ್ರಮವು ಒಂದು ಆಟದ ಗಾಡಿಗಾಗಿಯೇ ಎಂದು ಕೇಳುವವರುಂಟು. ಪೆರಂಬೂರಿನ ಹಳೆಯ ಮಾದರಿಯ ಗಾಡಿಗಳ ತಯಾರಿಕೆಯು ೨೦೧೮ರ ಜನವರಿಯಲ್ಲಿ ನಿಂತಿತು. ಓಡುತ್ತಿರುವುವೂ ದಿನೇ ದಿನೇ ಕಡಮೆಯಾಗುತ್ತಿವೆ. ಕಾರ್ಖಾನೆಯ ಬರಹಗಾರರು ಕುಂಚವನ್ನು ಹಿಡಿದು ಬರೆಯುತ್ತಿದ್ದ ಕಡೆ ಈಗ ಅಂಟುಹಾಳೆಯ ಅಚ್ಚಕ್ಷರಗಳು ಬರುತ್ತಿವೆ. ಗಾಡಿಯು ಗುಜರಿಗೆ ಹೋದರೆ ಉಕ್ಕು ಕರಗಿ ಮತ್ತೆ ಉಕ್ಕಾಗುವುದು. ಅದರ ಮೇಲೆ ಒಬ್ಬ ಬರಹಗಾರನು ಎಳೆದ ‘ಳೂ’ಕಾರದ ಬಳುಕು ಮಾತ್ರ ಮತ್ತೆ ಹುಟ್ಟದು. ಮೈಸೂರಿನಲ್ಲಿ ೧೯೭೯ರಲ್ಲಿ ತೆರೆದ ರೈಲ್ವೆ ವಸ್ತುಸಂಗ್ರಹಾಲಯದಂಥ ಸ್ಥಳಗಳು ಕೆಲವು ಗಾಡಿಗಳನ್ನು ಕಾಪಾಡಿವೆ. ಎಲ್ಲ ಗಾಡಿಗಳನ್ನೂ ಇಟ್ಟುಕೊಳ್ಳುವ ಮನೆ ಯಾವುದೂ ಇಲ್ಲ. ಆದರೆ ೨೪೫ ಮಿಲಿಮೀಟರಿನ ಗಾಡಿಗೆ ಎಂಥ ಸಣ್ಣ ಮನೆಯಲ್ಲಿಯೂ ಜಾಗವುಂಟು. ಅದರ ಮೇಲಿನ ಅಕ್ಷರವು ಸರಿಯಾಗಿದ್ದರೆ, ಮುಂದೆ ಅದನ್ನು ಎತ್ತಿಕೊಂಡ ಮಗುವು ಆ ಗಾಡಿಯು ಯಾರದಾಗಿತ್ತು, ಎಂದು ಹುಟ್ಟಿತು, ಯಾವ ಊರಿಗೆ ಹೋಗುತ್ತಿತ್ತು ಎಂಬುದನ್ನು ತನ್ನ ಭಾಷೆಯಲ್ಲಿಯೇ ಓದಿಕೊಳ್ಳುವುದು. ರಜೆಯ ದಿನ ದಂಡಿನ ನಿಲ್ದಾಣಕ್ಕೋ ಕೃಷ್ಣರಾಜಪುರಕ್ಕೋ ಮಕ್ಕಳನ್ನು ಕರೆದುಕೊಂಡು ಹೋಗುವ ತಾಯಿತಂದೆಗಳು, ಗಾಡಿಯು ಬಂದು ನಿಂತಾಗ ಅದರ ಮೈಮೇಲಿನ ಬರಹವನ್ನು ಅವರಿಂದ ಒಮ್ಮೆ ಓದಿಸಲಿ. ಮುಂದಿನ ಕೆಲಸವನ್ನು ಮಕ್ಕಳೇ ಕೇಳಿ ಮಾಡುವರು.