ನಾಲ್ಕಡಿ ಬಾಲ್ಕನಿಯಲ್ಲೊಂದು ತೋಟ

ಜಗಳೂರು ತಾಲೂಕಿನ ಸೊಕ್ಕೆಯಲ್ಲಿ ಬಾಳಿ ಬದುಕಿದ ನನ್ನ ಖಾಲಾ ಈಗ ದಾವಣಗೆರೆಯಲ್ಲಿ ಮಗನ ಮನೆಯಲ್ಲಿದ್ದಾರೆ. ಊರಿನ ಕಡೆ ಮಳೆ ಕಡಿಮೆ, ನೀರಿಗೆ ಪರದಾಟ. ಆದರೂ ಅವರ ಹಿತ್ತಲಲ್ಲಿ ಬಚ್ಚಲ ನೀರು ಕುಡಿದೇ ಕರಿಬೇವು, ಗೋರಂಟಿ, ಮಲ್ಲಿಗೆ ಬೆಳೆದಿದ್ದವು. ಇಲ್ಲಿರುವುದು ನಾಲ್ಕಡಿ ಅಗಲ, ಎಂಟಡಿ ಉದ್ದದ ಬಾಲ್ಕನಿ. "ಕೈಗೆ ಮಣ್ಣು ತಾಗಿ ಎಷ್ಟು ದಿನ ಆಯ್ತು ಬೇಟಿ" ಎಂದು ಕೊರಗುತ್ತಿದ್ದರು.

ಅವರ ಬೇಸರ ಕಳೆಯಲೆಂದು ಒಂದು ಜನವರಿಯಲ್ಲಿ ಸೊಸೆ ಅವರನ್ನು ಬೆಂಗಳೂರಿನ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಕರೆದೊಯ್ದಳು. ಬರುವಾಗ ಎಂಟು ಹೂಕುಂಡ ತಂದರು. ಬೇಸಿಗೆ ಬರುವಷ್ಟರಲ್ಲಿ ಆರು ಒಣಗಿದವು. ಖಾಲಾ ತಮ್ಮ ಕೈಗುಣವನ್ನೇ ಶಂಕಿಸತೊಡಗಿದರು.

ಸಹೋದರಿಯರೇ, ತಪ್ಪು ಅವರ ಕೈಯದಲ್ಲ. ಪ್ರದರ್ಶನದ ತೋಟ ಕೆಲವೇ ದಿನಗಳದ್ದು. ಬೇರೆಡೆ ಬೆಳೆಸಿದ ಗಿಡಗಳನ್ನು ಹೂ ಬಿಡುವ ಹೊತ್ತಿಗೆ ತಂದು ಜೋಡಿಸುತ್ತಾರೆ, ಬಾಡಿದರೆ ಬದಲಿಸುತ್ತಾರೆ. ಜನವರಿಯಲ್ಲಿ ಕಣ್ಣು ಕೋರೈಸುವ ಪೆಟೂನಿಯಾ, ಸಾಲ್ವಿಯಾಗಳು ಆ ಋತುವಿನವು. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಅವು ಉಳಿಯುವುದು ಕಷ್ಟ.

ಹಾಗಾದರೆ ಅಲ್ಲಿಂದ ತರಬೇಕಾದದ್ದೇನು? ಜೋಡಣೆಯ ಉಪಾಯ. ಲಂಡನ್ನಿನ ಚೆಲ್ಸಿ ಪ್ರದರ್ಶನ 1913ರಿಂದ ನಡೆಯುತ್ತಿದೆ. 2021ರಲ್ಲಿ ಅಲ್ಲಿ ಬಾಲ್ಕನಿ ಮತ್ತು ಕುಂಡಗಳ ತೋಟಕ್ಕೆಂದೇ ಪ್ರತ್ಯೇಕ ವಿಭಾಗ ಮಾಡಿದರು. ಅದೇ ಪ್ರದರ್ಶನದಲ್ಲಿ 2001ರಲ್ಲಿ ಆಗಿನ ರಾಜಕುಮಾರ ಚಾರ್ಲ್ಸ್, ತಮ್ಮ ಮನೆಯ ಟರ್ಕಿ ಜಮಖಾನದ ವಿನ್ಯಾಸ ನೋಡಿ ಒಂದು ತೋಟ ಮಾಡಿಸಿದ್ದರು. ನಮಗಿದು ಹೊಸದೇನಲ್ಲ. ನಡುವೆ ನೀರು, ಸುತ್ತ ನಾಲ್ಕು ಪಾತಿಗಳ ಚಾರ್‌ಬಾಗ್ ಮೊಘಲರ ತೋಟಗಳಲ್ಲಿತ್ತು. 1760ರಲ್ಲಿ ಹೈದರಾಲಿ ಲಾಲ್‌ಬಾಗ್ ಆರಂಭಿಸಿದಾಗ ಮಾದರಿಯಾದದ್ದೂ ನಮ್ಮ ಸಿರಾದ ಮೊಘಲ್ ತೋಟವೇ.

ನಿಮ್ಮ ಬಾಲ್ಕನಿಯನ್ನೂ ಒಂದು ಜಮಖಾನ ಎಂದುಕೊಳ್ಳಿ. ಗಿಡಗಳು ಅಂಚಿನಲ್ಲಿರಲಿ, ನಡುವೆ ಖಾಲಿ ಬಿಡಿ. ಹೆಚ್ಚಿನವರು ಕುಂಡ ತಂದಂತೆಲ್ಲ ಇಡುತ್ತಾ ಹೋಗಿ ಕೊನೆಗೆ ಬಟ್ಟೆ ಒಣಗಿಸಲೂ ಜಾಗವಿಲ್ಲದಂತೆ ಮಾಡಿಕೊಳ್ಳುತ್ತಾರೆ. ನಾವು ಮೊದಲು ಖಾಲಾರ ಮಣೆ ಇಟ್ಟೆವು. ಅಲ್ಲಿ ಕುಳಿತರೆ ಕಣ್ಣು ಮೊದಲು ಹೋಗುವ ಮೂಲೆಗೆ ಒಂದೇ ಒಂದು ದೊಡ್ಡ ಕುಂಡ, ಅದರಲ್ಲಿ ಕರಿಬೇವು. ಅದರ ಮುಂದೆ ಮಲ್ಲಿಗೆ, ಲೋಳೆಸರ. ಕಂಬಿಗೆ ಪುದೀನದ ಡಬ್ಬಿಗಳು. ಪಡುವಣ ಬಿಸಿಲು ಹೊಡೆಯುವ ಕಡೆ ಕಾಗದದ ಹೂ. ಬಣ್ಣ ಎರಡೇ, ಬಿಳಿ ಮತ್ತು ಗುಲಾಬಿ. ಬಣ್ಣ ಕಡಿಮೆಯಾದರೆ ಜಾಗ ದೊಡ್ಡದಾಗಿ ಕಾಣುತ್ತದೆ, ಮಾಡಿ ನೋಡಿ.

ಭಾರದ ಬಗ್ಗೆ ಎಚ್ಚರ. ಒಂದು ಘನ ಅಡಿ ಒದ್ದೆ ಮಣ್ಣು 40 ಕಿಲೋ ದಾಟುತ್ತದೆ. ಮಣ್ಣಿಗೆ ತೆಂಗಿನ ನಾರಿನ ಪುಡಿ ಮತ್ತು ಗೊಬ್ಬರ ಬೆರೆಸಿದರೆ ಹಗುರ, ತೇವವೂ ನಿಲ್ಲುತ್ತದೆ. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿಯೇ ದೊಡ್ಡ ಕುಂಡ ಇಡಿ. ಕುಂಡದ ಕೆಳಗೆ ತಟ್ಟೆ ಇರಲಿ, ಇಲ್ಲದಿದ್ದರೆ ಕೆಳಮನೆಯವರೊಡನೆ ಜಗಳ ಖಂಡಿತ.

ನೀರಿಗೆ ಖಾಲಾ ಊರಿನ ಲೆಕ್ಕವನ್ನೇ ಇಟ್ಟುಕೊಂಡಿದ್ದಾರೆ. ಅಕ್ಕಿ ತೊಳೆದ ನೀರು, ಬೋಗುಣಿಯಲ್ಲಿ ಹಿಡಿದ ವುಝೂ ನೀರು. ಸೋಪಿನ ನೀರನ್ನು ಮಾತ್ರ ಹಾಕಲು ಬಿಡಲಿಲ್ಲ ನಾನು. ಹಿತ್ತಲ ನೆಲ ತಡೆದುಕೊಂಡೀತು, ಕುಂಡದ ಹಿಡಿ ಮಣ್ಣು ತಡೆಯುವುದಿಲ್ಲ.

ಕಳೆದ ವಾರ ಸೊಕ್ಕೆಯಿಂದ ಗೋರಂಟಿ ಕಡ್ಡಿಗಳನ್ನು ತರಿಸಿ ನೆಟ್ಟಿದ್ದಾರೆ. ಮೂರರಲ್ಲಿ ಒಂದು ಚಿಗುರಿದೆ. ಮೊಮ್ಮಕ್ಕಳು ಮುಟ್ಟದಂತೆ ಮಣೆಯನ್ನು ಅದರ ಪಕ್ಕಕ್ಕೇ ಎಳೆದುಕೊಂಡು ಕುಳಿತಿದ್ದಾರೆ.