ಕಣ್ಣಿಗೆ ಕಾಣದ ಕೊಳೆ

ಸಿಂಧನೂರಿನ ಗದ್ದೆಗಳಲ್ಲಿ ಭತ್ತ ನಾಟಿ ಮಾಡಿ ಬಂದವರು ಕೈ ತೊಳೆಯದೆ ಊಟಕ್ಕೆ ಕೂರುವುದಿಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ಪಾಳಿ ಮುಗಿಸಿದವರೂ ಅಷ್ಟೆ. ಕೆಸರು, ಧೂಳು ಕಣ್ಣಿಗೆ ಕಾಣುತ್ತವೆ. ಕೈ ತಾನಾಗಿಯೇ ನೀರನ್ನು ಹುಡುಕುತ್ತದೆ.

ಯಾವುದೇ ಊರಿನ ಆಸ್ಪತ್ರೆಯಲ್ಲಿ ತೊಡಕಾಗುವುದು ಇಲ್ಲಿಯೇ. ಕೀವಿನ ಗಾಯಕ್ಕೆ ಪಟ್ಟಿ ಕಟ್ಟಿದವರು ಸಾಮಾನ್ಯವಾಗಿ ಕೈ ತೊಳೆಯುತ್ತಾರೆ. ನಾಡಿ ಹಿಡಿದ, ಹಾಸಿಗೆ ಸರಿಪಡಿಸಿದ ಕೈ ಮಾತ್ರ ಸ್ವಚ್ಛವಾಗಿಯೇ ಕಾಣುತ್ತದೆ, ತೊಳೆಯುವುದು ಮರೆತುಹೋಗುತ್ತದೆ. ರೋಗಾಣು ಅದೇ ಕೈ ಹಿಡಿದು ಪಕ್ಕದ ರೋಗಿಯನ್ನು ಸೇರುತ್ತದೆ.

ಇದರ ಅಪಾಯವನ್ನು ಮೊದಲು ಲೆಕ್ಕಸಮೇತ ತೋರಿಸಿದವರಲ್ಲಿ ವಿಯೆನ್ನಾ ನಗರದ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ಒಬ್ಬರು. ಅಲ್ಲಿ ಶವಪರೀಕ್ಷೆ ಮುಗಿಸಿದ ವೈದ್ಯರು, ವಿದ್ಯಾರ್ಥಿಗಳು ನೇರವಾಗಿ ಹೆರಿಗೆ ವಾರ್ಡಿಗೆ ಬರುತ್ತಿದ್ದರು. 1847ರ ಏಪ್ರಿಲ್‌ನಲ್ಲಿ ಆ ವಾರ್ಡಿನಲ್ಲಿ ನೂರಕ್ಕೆ ಸುಮಾರು 18 ತಾಯಂದಿರು ಸತ್ತರು. ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯುವ ನಿಯಮ ಬಂದ ಮೇಲೆ ಜೂನ್‌ನಲ್ಲಿ ಈ ಸಂಖ್ಯೆ ಸುಮಾರು 2ಕ್ಕೆ ಇಳಿಯಿತು. ಆದರೂ ಅನೇಕ ಹಿರಿಯ ವೈದ್ಯರು ಅವರ ಮಾತನ್ನು ಒಪ್ಪಲಿಲ್ಲ.

ಇಂದು ಒಪ್ಪದ ವೈದ್ಯರಿಲ್ಲ. ಆದರೆ ಅರಿವು ಬೇರೆ, ಅಭ್ಯಾಸ ಬೇರೆ. ಸ್ವಿಟ್ಜರ್ಲೆಂಡಿನ ಜಿನೀವಾದ ದೊಡ್ಡ ಆಸ್ಪತ್ರೆಯೊಂದರಲ್ಲಿ 1994ರಲ್ಲಿ ಗಮನಿಸಿದಾಗ, ಕೈ ಶುಚಿ ಮಾಡಿಕೊಳ್ಳಬೇಕಾದ ನೂರು ಸಂದರ್ಭಗಳಲ್ಲಿ 48ರಲ್ಲಿ ಮಾತ್ರ ಆ ಕೆಲಸ ನಡೆದಿತ್ತು. ಕೆಲಸದ ಒತ್ತಡ ಹೆಚ್ಚಿದಷ್ಟೂ ತೊಳೆಯುವುದು ಕಡಿಮೆ. ವೈದ್ಯರು ದಾದಿಯರಿಗಿಂತಲೂ ಹಿಂದೆ! ಹಾಸಿಗೆಯ ಪಕ್ಕದಲ್ಲೇ ಕೈಗೆ ಸವರಿಕೊಳ್ಳುವ ಮದ್ಯಸಾರದ ದ್ರಾವಣ ಇಟ್ಟು, ಪ್ರಚಾರ ನಡೆಸಿದ ಮೇಲೆ 1997ರ ಹೊತ್ತಿಗೆ 48 ಎಂಬುದು 66 ಆಯಿತು. ನಲ್ಲಿ ದೂರವಿದ್ದರೆ ಒಳ್ಳೆಯ ಮನಸ್ಸೂ ಸೋಲುತ್ತದೆ.

ಮಾತಿನ ಧಾಟಿಗೂ ಬೆಲೆಯಿದೆ. ಅಮೆರಿಕದ ಆಸ್ಪತ್ರೆಯೊಂದರಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕೈ ತೊಳೆದರೆ ನಿಮಗೆ ರೋಗ ತಗುಲದು ಎಂಬ ಫಲಕ ಕೆಲಸ ಮಾಡಲಿಲ್ಲ. ರೋಗಿಗಳಿಗೆ ರೋಗ ತಗುಲದು ಎಂದು ಬರೆದಾಗ ಸೋಪು, ದ್ರಾವಣಗಳ ಬಳಕೆ ಏರಿತು.

ಇನ್ನೊಂದು ಕಾರಣ ಹಿರಿಯರ ನಡೆ. ಹಿರಿಯ ವೈದ್ಯರು ಕೈ ತೊಳೆಯದಿದ್ದರೆ ಕಿರಿಯರೂ ತೊಳೆಯುವುದಿಲ್ಲ. ನೆನಪಿಸಲು ನರ್ಸಿಂಗ್ ವಿದ್ಯಾರ್ಥಿನಿಗೆ ಅಂಜಿಕೆ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಅಶೋಕನ ಶಾಸನ, ಧರ್ಮದ ಗುರಿ ದೊಡ್ಡವರಿಗಷ್ಟೇ ಅಲ್ಲ, ಚಿಕ್ಕವರಿಗೂ ಎಟುಕುತ್ತದೆ ಎಂದು ಸಾರುತ್ತದೆ. ವಾರ್ಡಿಗೂ ಈ ಮಾತು ಸಲ್ಲುತ್ತದೆ.

ನರ್ಸಿಂಗ್, ವೈದ್ಯಕೀಯ ಓದಲು ಹೊರಟ ಮಕ್ಕಳು ಮೊದಲ ದಿನದಿಂದಲೇ ರೂಢಿಸಿಕೊಳ್ಳಬೇಕಾದ ಪಾಠವಿದು: ರೋಗಿಯನ್ನು ಮುಟ್ಟುವ ಮುಂಚೆ, ಮುಟ್ಟಿದ ಮೇಲೆ, ಎರಡು ಸಲವೂ ಕೈ ಶುಚಿಯಾಗಬೇಕು. ಸೋಪಿನಿಂದ ತೊಳೆಯಲು 40ರಿಂದ 60 ಸೆಕೆಂಡು, ದ್ರಾವಣ ಸವರಿಕೊಳ್ಳಲು 20ರಿಂದ 30 ಸೆಕೆಂಡು ಸಾಕು. ಇನ್ನು ತಂದೆ ತಾಯಿಯರು, ಮಗುವನ್ನು ತೋರಿಸಲು ಹೋದಾಗ, "ಡಾಕ್ಟ್ರೇ, ಕೈ ತೊಳ್ಕೊಂಡ್ರಾ?" ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪೇನೂ ಇಲ್ಲ.